ಒಂದನೇ ನಂಬರ್ ಹಾಸಿಗೆ

ಗೋಂದಪ್ಪನ ಆ ದಿನದ ಫಜೀತಿಗೆಲ್ಲ ಮೂಲ ಅವನ ಗಡ್ಡ. ನಾಲ್ಕು ದಿನದ ಗಡ್ಡ. ಮನೆಯಲ್ಲಿ ಬ್ಲೇಡಿರಲಿಲ್ಲ ಅಂತಲ್ಲ, ಸೋಮಾರಿತನವೂ ಅಲ್ಲ. ಮಹಡಿ ಮನೆಯ ಪಾಲಿಸಿ ಯಜಮಾನರು ಬೋಳಿಸಿಕೊಳ್ಳಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು.

"ನೋಡಪ್ಪಾ, ನೀನು ನುಣ್ಣಗೆ ಗಡ್ಡ ತೆಗೆದು, ತಲೆ ಬಾಚ್ಕೊಂಡು ಕೂತರೆ ಆಫೀಸಿನೋರು ಏನಂದ್ಕೋತಾರೆ? ಇವನಿಗೆ ಬೇಕಾದಷ್ಟು ಪುರುಸೊತ್ತಿದೆ ಅಂದ್ಕೋತಾರೆ. ಸೇವೆ ಮಾಡಿ ಮಾಡಿ ಸವೆದು ಹೋಗಿದಾನೆ ಅಂತ ಅನ್ನಿಸಬೇಕು. ಮುಖ ನೋಡಿದ ತಕ್ಷಣ ಅಯ್ಯೋ ಪಾಪ ಅನ್ನಬೇಕು."

ಮೂವತ್ತು ವರ್ಷ ವಿಮೆ ಮಾರಿ ನಿವೃತ್ತರಾದವರು ಪಾಲಿಸಿ ಯಜಮಾನರು. ಫಾರಂ ಅಂದರೆ ಪ್ರಾಣ. ಬೀದಿಯಲ್ಲಿ ಯಾರ ಮನೆಗೆ ಅರ್ಜಿ ಬಂದರೂ ಅದನ್ನು ತುಂಬುವ ಹಕ್ಕು ತಮ್ಮದೇ ಎಂದು ಅವರು ತಿಳಿದಿದ್ದರು. ಬೀದಿಯವರೂ ಹೋಗಲಿ ಬಿಡು ಎಂದು ಒಪ್ಪಿಕೊಂಡಿದ್ದರು.

ಗೋಂದಪ್ಪ ಅನ್ನುವುದು ಬೀದಿಯವರಿಟ್ಟ ಹೆಸರು. ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುವ ಕೆಲಸ ಅವನದು. ಇಪ್ಪತ್ತು ವರ್ಷ ಗೋಂದು ಮೆತ್ತಿದ ಬೆರಳು ಎಷ್ಟು ಸೋಪು ಹಾಕಿದರೂ ಅಂಟಂಟು. ಮದುವೆಯಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಬ್ಬರೇ, ಅಪ್ಪನ ಅಕ್ಕ. ಹೆತ್ತವರು ಹೋದಮೇಲೆ ಎಂಟು ವರ್ಷದ ಹುಡುಗನನ್ನು ಕೈಹಿಡಿದು ಕರೆತಂದು ಸಾಕಿದ ಅತ್ತೆ.

ಅತ್ತೆ ಅಂತಿಂಥವರಲ್ಲ. ದೊಡ್ಡಾಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಹೆಡ್ ನರ್ಸ್ ಆಗಿದ್ದವರು. ಅವರು ಬಂದರೆ ರೋಗಿಗಳಿರಲಿ, ಡಾಕ್ಟರುಗಳೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರಂತೆ. ಎಪ್ಪತ್ತೈದಾದರೂ ಮೈ ಕಬ್ಬಿಣ. ನೆನಪು ಮಾತ್ರ ಕೈಕೊಟ್ಟಿತ್ತು. ದಪ್ಪ ಪುಸ್ತಕದ ಕೊನೆಯ ಹಾಳೆಗಳು ಹೊಲಿಗೆ ಬಿಟ್ಟು ಉದುರಿದ ಹಾಗೆ, ನಿವೃತ್ತಿಯಾದ ಮೇಲಿನ ವರ್ಷಗಳೆಲ್ಲ ಉದುರಿಹೋಗಿದ್ದವು. ಹಾಗಾಗಿ ದಿನಾ ಬೆಳಕು ಹರಿಯುವ ಮೊದಲೇ ಎದ್ದು, ಬಿಳೀ ಯೂನಿಫಾರಂ ಹಾಕಿಕೊಂಡು ಡ್ಯೂಟಿಗೆ ಹೊರಟುಬಿಡುತ್ತಿದ್ದರು. ಆ ಆಸ್ಪತ್ರೆಯನ್ನು ಕೆಡವಿ ಯಾವುದೋ ಕಾಲವಾಗಿತ್ತು. ಅಲ್ಲೀಗ ಸೋಫಾ ಮಾರುವ ಅಂಗಡಿ. ಅತ್ತೆ ಅದರ ಷಟರ್ ಮುಂದೆ ನಿಂತು, ಗೇಟು ಯಾಕಿನ್ನೂ ತೆಗೆದಿಲ್ಲ ಎಂದು ಕಾವಲುಗಾರನನ್ನು ಬೈಯುತ್ತಿದ್ದರು. ಒಲೆ ಹಚ್ಚಿ ಮರೆಯುವುದು, ನಲ್ಲಿ ಬಿಟ್ಟು ಮರೆಯುವುದು ಬೇರೆ.

ಹೀಗೆ ಐದು ತಿಂಗಳಿಂದ ಗೋಂದಪ್ಪ ಸಂಬಳವಿಲ್ಲದ ರಜೆಯ ಮೇಲೆ ಮನೆಯಲ್ಲಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೇ ಕೆಲಸ. ಪ್ರೆಸ್ಸಿನ ಮಾಲೀಕ ಕೊನೆಗೆ ಹೇಳಿಬಿಟ್ಟ: "ಸೋಮವಾರ ಬಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನ ನೋಡ್ಕೋತೀನಿ." ಉಳಿದದ್ದು ಒಂದೇ ದಾರಿ. ಮನೆಯಲ್ಲೇ ಕೂತು ಮನೆಯವರ ಆರೈಕೆ ಮಾಡುವವರಿಗೆ ಆರೈಕೆ ಕಚೇರಿಯವರು ತಿಂಗಳಿಗಿಷ್ಟು ಅಂತ ಹಣ ಕೊಡುತ್ತಾರೆ. ಅದು ಬಂದರೆ ಅತ್ತೆ ಮನೆಯಲ್ಲಿ. ಬಾರದಿದ್ದರೆ ಅತ್ತೆಯನ್ನು ಊರಾಚೆಯ ಆಸರೆ ಮನೆಗೆ ಸೇರಿಸಿ ಇವನು ಕೆಲಸಕ್ಕೆ ಹೋಗಬೇಕು. ಒಂದು ದಿನ ಹೋಗಿ ಆ ಆಸರೆ ಮನೆ ನೋಡಿಬಂದಿದ್ದ. ಸಾಲಾಗಿ ಮಂಚ, ಕಿಟಕಿಗೆಲ್ಲ ಸರಳು, ಒಬ್ಬ ಮುದುಕಿ ಸರಳು ಹಿಡಿದು ನಿಂತಿದ್ದಳು. ವಾಪಸು ಬಂದು ರಾತ್ರಿ ಊಟ ಮಾಡಲಾಗಲಿಲ್ಲ ಅವನಿಗೆ.

ಅರ್ಜಿ ಹಾಕಿದ್ದಾಗಿತ್ತು. ಆ ದಿನ ಹನ್ನೊಂದಕ್ಕೆ ಕಚೇರಿಯ ಮೇಡಂ ಮನೆಗೆ ಬಂದು ನೋಡುವವರಿದ್ದರು.

ಬೆಳಿಗ್ಗೆಯೇ ಗ್ರಹಚಾರ ಶುರುವಾಯಿತು. ಹಿಂದಿನ ದಿನವೆಲ್ಲ ಕೂತು ಬರೆದು ಸುಸ್ತಾಗಿದ್ದವನು ಸ್ವಲ್ಪ ಹೆಚ್ಚೇ ಮಲಗಿಬಿಟ್ಟ. ಕಣ್ಣುಬಿಟ್ಟರೆ ಬಾಗಿಲು ಹಾರುಹೊಡೆದಿದೆ, ಅತ್ತೆ ಇಲ್ಲ. ಚಪ್ಪಲಿ ಹುಡುಕುವಷ್ಟೂ ತಾಳ್ಮೆಯಿಲ್ಲದೆ ಬೀದಿಗಿಳಿದು ಓಡಿದ. ಎರಡು ತಿರುವು ದಾಟಿದ ಮೇಲೆ ದೂರದಲ್ಲಿ ಬಿಳೀ ಯೂನಿಫಾರಂ ಕಂಡಿತು. "ಅತ್ತೇ" ಎಂದು ಕೂಗುವುದಕ್ಕೂ ಅಂಗಾಲಿಗೆ ಗಾಜಿನ ಚೂರು ಚುಚ್ಚುವುದಕ್ಕೂ ಸರಿಹೋಯಿತು. ಕಾಲು ಹಿಡಿದುಕೊಂಡು ಅಲ್ಲೇ ಕೂತ.

ಅತ್ತೆ ತಿರುಗಿ ನೋಡಿದರು. ಸರಸರ ವಾಪಸು ಬಂದರು.

"ನೀನಾ? ಮತ್ತೆ ಎದ್ದು ಬಂದ್ಯಾ? ಹಾಸಿಗೆ ಬಿಟ್ಟು ಏಳಬೇಡ ಅಂತ ನಿನಗೆ ಎಷ್ಟು ಸಲ ಹೇಳಬೇಕು?"

"ಅತ್ತೆ, ನಿಮ್ಮನ್ನ ಹುಡುಕ್ಕೊಂಡು ಬಂದೆ."

"ಆಯ್ತು, ಸಿಕ್ಕಿದೆನಲ್ಲ. ಏಳು."

ತೋಳು ಹಿಡಿದು ನಡೆಸಿಕೊಂಡೇ ಮನೆಗೆ ತಂದರು. ಚೂರು ತೆಗೆದು, ಗಾಯ ತೊಳೆದು, ಬ್ಯಾಂಡೇಜು ಸುತ್ತಿದರು. ಕೈ ಚೂರೂ ನಡುಗಲಿಲ್ಲ. ಒಲೆ ಹಚ್ಚಿ ಮರೆಯುವ ಅತ್ತೆಯೇ ಇವರು ಅಂದರೆ ಯಾರೂ ನಂಬುವಂತಿರಲಿಲ್ಲ. ಎಂಟು ವರ್ಷದವನಾಗಿದ್ದಾಗ ಮೊಣಕಾಲು ತರಚಿಕೊಂಡು ಬಂದು ಹೀಗೇ ಕೂತಿದ್ದು ನೆನಪಾಗಿ ಗೋಂದಪ್ಪನಿಗೆ ಕಣ್ಣು ಮಂಜಾಯಿತು.

ಹತ್ತು ಗಂಟೆಗೆ ಪಾಲಿಸಿ ಯಜಮಾನರು ಗಾಲಿಕುರ್ಚಿಯೊಂದನ್ನು ದೂಡಿಕೊಂಡು ಬಂದರು.

"ಕಾಲಿಗೇನಾಯ್ತು? ಗಾಜಾ? ಒಳ್ಳೇದೇ ಆಯ್ತು ಬಿಡು, ಇನ್ನಷ್ಟು ಅಯ್ಯೋ ಅನ್ನಿಸುತ್ತೆ. ಇಗೋ, ನನ್ನ ಹಳೇ ಗಿರಾಕಿ ಮನೆಯಿಂದ ತಂದೆ. ಪಾಪ, ಅವನಿಗಿನ್ನು ಬೇಕಾಗಲ್ಲ. ಅತ್ತೇನ ಇದರಲ್ಲಿ ಕೂರಿಸು. ಅವರು ಹೀಗೆ ಬೊಂಬಾಟಾಗಿ ಓಡಾಡ್ತಿದ್ದರೆ ಯಾರಪ್ಪಾ ನಂಬ್ತಾರೆ?"

"ಅತ್ತೆ ಕಾಲಿಗೇನೂ ಆಗಿಲ್ಲ ಯಜಮಾನರೇ. ಸುಳ್ಳು ಯಾಕೆ?"

"ಇದು ಸುಳ್ಳಲ್ಲಪ್ಪ, ನಿಜಾನ ಸ್ವಲ್ಪ ಒತ್ತಿ ಹೇಳೋದು."

ಅತ್ತೆ ಬಂದು ಕುರ್ಚಿಯನ್ನು ಸುತ್ತು ಹಾಕಿ ನೋಡಿದರು. ಬಗ್ಗಿ ಗಾಲಿ ತಿರುಗಿಸಿದರು. "ಬ್ರೇಕು ಸರಿಯಿಲ್ಲ. ಸ್ಟೋರಿನವರಿಗೆ ಬರೀತೀನಿ," ಎಂದರು. ಆಮೇಲೆ ಗೋಂದಪ್ಪನ ಕಡೆ ತಿರುಗಿ, "ಕೂತ್ಕೋ," ಎಂದರು.

ಅತ್ತೆ ಕೂತ್ಕೋ ಅಂದಮೇಲೆ ಕೂರದಿರುವುದು ಈ ನಲವತ್ತೈದು ವರ್ಷದ ಪ್ರಾಣಿಗೆ ಅಭ್ಯಾಸವೇ ಇರಲಿಲ್ಲ. ಕೂತ.

"ಏಳೋ ಮಾರಾಯ, ಅದು ನಿನಗಲ್ಲ," ಎಂದು ಯಜಮಾನರು ಪಿಸುಗುಟ್ಟುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಹನ್ನೊಂದಕ್ಕೆ ಬರಬೇಕಾದವರು ಹತ್ತೂಕಾಲಿಗೇ ಬಂದಿದ್ದರು. ಗೋಂದಪ್ಪ ದಡಬಡಿಸಿ ಎದ್ದ. ಬ್ಯಾಂಡೇಜಿನ ಕಾಲು ಕುರ್ಚಿಯ ಕಾಲಿಡುವ ಪಟ್ಟಿಗೆ ಸಿಕ್ಕಿಕೊಂಡಿತು, ಬ್ರೇಕಿಲ್ಲದ ಕುರ್ಚಿ ಅವನನ್ನು ಹೊತ್ತುಕೊಂಡೇ ಗೋಡೆಗೆ ಹೋಗಿ ಬಡಿಯಿತು, ಮೇಲಿನ ಶೆಲ್ಫಿನಿಂದ ಟಾನಿಕ್ಕಿನ ಬಾಟಲಿ ಉರುಳಿ ನೆತ್ತಿಯ ಮೇಲೆ ಸುರಿಯಿತು. ಮೇಡಂ ಒಳಗೆ ಬಂದಾಗ ಯಜಮಾನರು ಅವನ ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸುತ್ತಿದ್ದರು. ಬಿಳೀ ಯೂನಿಫಾರಮಿನ ಅತ್ತೆ ಅವನ ಮುಖ ಒರೆಸುತ್ತಿದ್ದರು.

ಮೇಡಂ ಕನ್ನಡಕ ಸರಿಮಾಡಿಕೊಂಡು ಕುರ್ಚಿಯಲ್ಲಿದ್ದವನನ್ನು ನೋಡಿದರು. ನಾಲ್ಕು ದಿನದ ಗಡ್ಡ, ಯಜಮಾನರ ಸಲಹೆಯಂತೆ ಹಾಕಿಕೊಂಡ ಹರಕು ಅಂಗಿ, ಕಾಲಿಗೆ ಬ್ಯಾಂಡೇಜು, ಕಿವಿಯ ಹಿಂದೆ ಇಳಿಯುತ್ತಿರುವ ಟಾನಿಕ್ಕು.

"ಅಯ್ಯೋ ಪಾಪ," ಎಂದರು.

ಯಜಮಾನರಿಗೆ ಖುಷಿಯಾಯಿತು. ಗೋಂದಪ್ಪನ ಭುಜ ಚಿವುಟಿದರು.

"ಮೇಡಂ, ನೀವು ನೋಡಬೇಕಾದದ್ದು ನನ್ನನ್ನಲ್ಲ," ಎಂದು ಗೋಂದಪ್ಪ ಬಾಯಿ ತೆರೆದ. "ಇವರು ನಮ್ಮತ್ತೆ. ಐದು ತಿಂಗಳಿಂದ ಇವರನ್ನ ನಾನೇ ನೋಡ್ಕೋತಿದೀನಿ. ನನಗೇನೂ ಆಗಿಲ್ಲ."

ಮೇಡಂ ಅತ್ತೆಯ ಕಡೆ ನೋಡಿದರು. ಅತ್ತೆ ಸಣ್ಣಗೆ ತಲೆಯಾಡಿಸಿದರು, ಅಷ್ಟೆ. ಇಂಥ ಎಷ್ಟೋ ಕೇಸು ಕಂಡಿದೀನಿ ಎನ್ನುವ ಹಾಗೆ.

"ಇರಲಿ, ಇರಲಿ," ಎಂದರು ಮೇಡಂ ಮಕ್ಕಳಿಗೆ ಹೇಳುವ ದನಿಯಲ್ಲಿ. ಆಮೇಲೆ ಅತ್ತೆಯ ಕಡೆ ತಿರುಗಿ ಕೇಳಿದರು. "ಒಂದು ತಿಂಗಳು ಏನೇನು ಆರೈಕೆ ಮಾಡಿದ್ರಿ ಅಂತ ದಿನಾ ಬರೆದಿಟ್ಟಿರಬೇಕಲ್ಲ, ಆ ಪುಸ್ತಕ ಕೊಡಿ."

ಗೋಂದಪ್ಪ ಹೆಮ್ಮೆಯಿಂದ ಒಂದು ನೋಟುಪುಸ್ತಕ ಚಾಚಿದ. ದಿನಾ ಬರೆದಿಡಬೇಕೆಂದು ಅವನಿಗೆ ಗೊತ್ತಾದದ್ದೇ ಮೊನ್ನೆ. ಯಜಮಾನರು ಹೇಳಿಕೊಟ್ಟಂತೆ ಹಿಂದಿನ ದಿನ ಒಂದೇ ಉಸಿರಿಗೆ ತಿಂಗಳಿಡೀ ಬರೆದುಹಾಕಿದ್ದ. ಮೇಡಂ ಹಾಳೆ ಮಗುಚಿದರು. ಎಲ್ಲ ಪುಟದಲ್ಲೂ ಒಂದೇ ಮಸಿ, ಒಂದೇ ಮಾತು. ಕೊನೆಯ ಪುಟದಲ್ಲಿ ಅವರ ಬೆರಳು ನಿಂತಿತು.

"ಮೂವತ್ತೊಂದನೇ ತಾರೀಕು ಅಂತ ಬರೆದಿದೀರಲ್ಲ, ಹೋದ ತಿಂಗಳಲ್ಲಿ ಮೂವತ್ತೊಂದು ಎಲ್ಲಿತ್ತು?"

ಗೋಂದಪ್ಪ ಯಜಮಾನರನ್ನು ನೋಡಿದ. ಯಜಮಾನರು ಸೂರು ನೋಡಿದರು.

"ಪರವಾಗಿಲ್ಲ, ಯೋಚಿಸಬೇಡಿ," ಎಂದು ಮೇಡಂ ತಮ್ಮ ಫಾರಮಿನಲ್ಲಿ ಬರೆದುಕೊಂಡರು. ಗೋಂದಪ್ಪ ಕತ್ತು ಉದ್ದ ಮಾಡಿ ಓದಿದ. ದಿನಾಂಕದ ಅರಿವಿಲ್ಲ, ಎಂದಿತ್ತು.

ಆಗ ಅತ್ತೆ ಒಳಗೆ ಹೋದರು. ಬರುವಾಗ ಕೈಯಲ್ಲಿ ಇನ್ನೊಂದು ಪುಸ್ತಕ. ಪ್ರೆಸ್ಸಿನಲ್ಲಿ ಉಳಿದ ಹಾಳೆ ಸೇರಿಸಿ ಗೋಂದಪ್ಪನೇ ಹೊಲಿದು ಕೊಟ್ಟದ್ದು. ಕೈಗೊಂದು ಕೆಲಸವಿರಲಿ, ಏನಾದರೂ ಗೀಚಿಕೊಂಡಿರಲಿ ಎಂದು ಕೊಟ್ಟಿದ್ದ. ಅವರು ಏನು ಬರೆಯುತ್ತಾರೆ ಎಂದು ತೆರೆದು ನೋಡುವಷ್ಟು ಪುರುಸೊತ್ತು ಅವನಿಗೆ ಎಂದೂ ಸಿಕ್ಕಿರಲಿಲ್ಲ.

"ನನ್ನ ಚಾರ್ಟು," ಎಂದರು ಅತ್ತೆ. "ಒಂದನೇ ನಂಬರ್ ಹಾಸಿಗೆ."

ಮೇಡಂ ಗಟ್ಟಿಯಾಗಿ ಓದತೊಡಗಿದರು. "ಸೋಮವಾರ, ಬೆಳಿಗ್ಗೆ ಐದೂವರೆ. ರೋಗಿ ಬರಿಗಾಲಲ್ಲಿ ಬೀದಿಗೆ ಓಡಿಬಂದ. ಅತ್ತೇ ಅತ್ತೇ ಎಂದು ಕೂಗುತ್ತಿದ್ದ. ಕೈಹಿಡಿದು ಮನೆಗೆ ಕರೆತಂದೆ. ಎಂಟು ಗಂಟೆ. ತಿಂಡಿ ನಿಂತುಕೊಂಡೇ ತಿಂದ, ಅರ್ಧ ಬಿಟ್ಟ. ಹತ್ತು ಗಂಟೆ. ಒಲೆಯನ್ನು ಏಳು ಸಲ ಮುಟ್ಟಿ ನೋಡಿದ. ಆರಿರುವ ಒಲೆ. ರಾತ್ರಿ ನಿದ್ದೆ ಇಲ್ಲ, ಗಂಟೆಗೊಮ್ಮೆ ಎದ್ದು ಬಾಗಿಲ ಚಿಲಕ ನೋಡುತ್ತಾನೆ."

ಗೋಂದಪ್ಪ ಬೆರಗಾದ. ಒಂದೊಂದು ಅಕ್ಷರವೂ ನಿಜ.

"ಮಂಗಳವಾರ," ಎಂದು ಮೇಡಂ ಮುಂದುವರಿಸಿದರು, "ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾನೆ. ಬುಧವಾರ, ಅಡುಗೆಮನೆಯಲ್ಲಿ ಒಬ್ಬನೇ ನಿಂತು ಅತ್ತ. ಕಾರಣ ಹೇಳಲಿಲ್ಲ. ಹಣೆ ಮುಟ್ಟಿ ನೋಡಿದೆ, ಜ್ವರವಿಲ್ಲ. ತಲೆ ನೇವರಿಸಿದೆ. ಸ್ವಲ್ಪ ಹೊತ್ತಿಗೆ ಸುಮ್ಮನಾದ."

ಮೇಡಂ ದನಿ ಸಣ್ಣದಾಯಿತು. ಆ ಬುಧವಾರ ಗೋಂದಪ್ಪನಿಗೆ ಚೆನ್ನಾಗಿ ನೆನಪಿತ್ತು, ಆಸರೆ ಮನೆ ನೋಡಿಬಂದ ಮರುದಿನ ಅದು. ಯಾರೂ ನೋಡಲಿಲ್ಲ ಅಂದುಕೊಂಡಿದ್ದ. ಈ ಐದು ತಿಂಗಳಲ್ಲಿ ತಾನು ಉಂಡೆನೋ ಬಿಟ್ಟೆನೋ ಎಂದು ಲೆಕ್ಕ ಇಟ್ಟವರು ಲೋಕದಲ್ಲಿ ಒಬ್ಬರಿದ್ದರು ಅಂತ ಗೊತ್ತಾಗಿ ಅವನು ಅತ್ತೆಯ ಕಡೆ ತಿರುಗಿ ನೋಡಿದ.

ಆದರೂ ಮರ್ಯಾದಸ್ಥ. ನಿಜ ಹೇಳಬೇಕು ಅನ್ನಿಸಿತು.

"ಮೇಡಂ, ಅದರಲ್ಲಿರೋದೆಲ್ಲ ನಿಜ. ಆದರೆ ಅದು ತಿರುಗುಮುರುಗು. ಅವರನ್ನ ನೋಡ್ಕೊಳ್ಳೋದು ನಾನು."

ಮೇಡಂ ಮುಂದಿನ ಸಾಲಿಗೆ ಬೆರಳಿಟ್ಟು ಓದಿದರು. "ತನಗೇನೂ ಆಗಿಲ್ಲ ಎನ್ನುತ್ತಾನೆ. ತಾನೇ ನನ್ನನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಎದುರು ವಾದಿಸಬಾರದು."

ಮೇಡಂ ಪುಸ್ತಕ ಮುಚ್ಚಿದರು. "ಸರಿಯಪ್ಪ, ನೀವೇ ನೋಡ್ಕೋತಿದೀರಿ. ನಾವು ಇಲ್ಲ ಅನ್ನಲ್ಲ."

"ಹಾಗಲ್ಲ ಮೇಡಂ, ಅರ್ಜಿ ನೋಡಿ. ಅರ್ಜಿಯಲ್ಲಿ ಸ್ಪಷ್ಟವಾಗಿ ಇದೆ."

"ಅರ್ಜಿ ತುಂಬಿದ್ದು ಯಾರು?"

"ನಾನೇ. ಯಜಮಾನರು ಹೇಳಿಕೊಟ್ಟರು."

"ಅದಕ್ಕೇ ಹೆಸರು ಅದಲುಬದಲಾಗಿದೆ," ಎಂದು ಮೇಡಂ ಪೆನ್ನು ತೆಗೆದು ಎರಡು ಹೆಸರನ್ನೂ ಹೊಡೆದು, ಮೇಲಿನದನ್ನು ಕೆಳಗೂ ಕೆಳಗಿನದನ್ನು ಮೇಲೂ ಬರೆದು ಸಹಿ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಗೋಂದಪ್ಪ ಇನ್ನೊಮ್ಮೆ ಬಾಯಿ ತೆರೆದ. ಯಜಮಾನರು ಅವನ ಸರಿಯಿದ್ದ ಕಾಲನ್ನು ತಮ್ಮ ಬೂಟಿನಿಂದ ಒತ್ತಿ ಹಿಡಿದರು.

"ಸುಮ್ನಿರೋ," ಎಂದು ಕಿವಿಯಲ್ಲಿ ಉಸುರಿದರು. "ಯಾರ ಹೆಸರಿಗೆ ಬಂದರೇನು, ಬರೋದು ಇದೇ ಮನೆಗೆ ತಾನೆ?"

"ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಚಾರ್ಟು ನಾನು ನೋಡಿಲ್ಲ," ಎಂದು ಮೇಡಂ ಅತ್ತೆಯ ಕೈ ಹಿಡಿದುಕೊಂಡರು. "ಹಣ ಈ ತಿಂಗಳಿಂದಲೇ ನಿಮ್ಮ ಹೆಸರಿಗೆ ಬರುತ್ತೆ. ನಿಮಗೆ ವಾರಕ್ಕೊಂದು ದಿನ ರಜೆಯೂ ಉಂಟು. ಆ ದಿನಕ್ಕೆ ನಾವೇ ಒಬ್ಬರನ್ನ ಕಳಿಸ್ತೀವಿ."

"ರಜೆ ಬೇಡ," ಎಂದರು ಅತ್ತೆ. "ಒಂದು ಗಳಿಗೆ ನಾನು ಕಾಣದಿದ್ದರೆ ಇವನು ಬೀದಿ ಬೀದಿ ಹುಡುಕ್ಕೊಂಡು ಬರ್ತಾನೆ. ಬಿಟ್ಟು ಎಲ್ಲಿಗೆ ಹೋಗಲಿ?"

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮಂಜೂರಾತಿಯ ಕಾಗದ ಮೇಜಿನ ಮೇಲಿಟ್ಟು ಹೊರಟುಹೋದರು.

ಅತ್ತೆ ಆ ಕಾಗದವನ್ನು ಮೂರು ಸಲ ಓದಿದರು. ತಮ್ಮ ಹೆಸರು, ಕೆಳಗೆ ಮನೆಯ ವಿಳಾಸ, ಸೀಲು. "ಓ, ನನ್ನನ್ನ ಇಲ್ಲಿಗೆ ವರ್ಗ ಮಾಡಿದಾರೆ," ಎಂದರು. "ಒಳ್ಳೇದಾಯ್ತು. ಅಷ್ಟು ದೂರ ನಡೆದು ಹೋಗೋದು ತಪ್ಪಿತು."

ಗೋಂದಪ್ಪ ತಟ್ಟನೆ ತಲೆಯೆತ್ತಿದ. ಅತ್ತೆ ಇನ್ನು ಬೆಳಿಗ್ಗೆ ಎದ್ದು ಹೋಗುವುದಿಲ್ಲ. ಹಾಗಾದರೆ ತಾನು ಸೋಮವಾರ ಪ್ರೆಸ್ಸಿಗೆ ಹೋಗಬಹುದು, ಮಧ್ಯಾಹ್ನ ಬಂದು ನೋಡಿಹೋಗಬಹುದು. ಆ ಹಣವೂ ಬಂತು, ಈ ಸಂಬಳವೂ ಬಂತು. ಅವನು ಲೆಕ್ಕ ಹಾಕಿ ನಗುವಷ್ಟರಲ್ಲಿ ಯಜಮಾನರು ಕಾಗದದ ಹಿಂಬದಿಯ ಸಣ್ಣಕ್ಷರ ಓದಿ ಮುಗಿಸಿದ್ದರು.

"ಆರೈಕೆಯಲ್ಲಿರುವವರು ಹೊರಗಿನ ಯಾವ ಕೆಲಸಕ್ಕೂ ಹೋಗತಕ್ಕದ್ದಲ್ಲ. ಹೋದದ್ದು ಕಂಡುಬಂದರೆ ಹಣ ನಿಲ್ಲುತ್ತದೆ. ತಿಂಗಳಿಗೊಮ್ಮೆ ಬಂದು ಚಾರ್ಟು ನೋಡ್ತಾರಂತೆ. ಪ್ರೆಸ್ಸಿನವನಿಗೆ ಹೇಳಿಬಿಡಪ್ಪ, ಬೇರೆಯವರನ್ನ ನೋಡ್ಕೊಳ್ಳಲಿ."

ಅಷ್ಟಾದರೂ ಗೋಂದಪ್ಪನಿಗೆ ದುಃಖವಾಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಿತ್ತು. ಕಿಟಕಿಗೆ ಸರಳು ಹಾಕಿದ ಆ ಮನೆಗೆ ಅತ್ತೆ ಹೋಗಬೇಕಾಗಿಲ್ಲ, ಅಷ್ಟು ಸಾಕು. ಸಂಜೆ ಅತ್ತೆ ಉಪ್ಪಿಲ್ಲದ ಗಂಜಿ ಕುಡಿಸಿದರು. ಉಪ್ಪು ಕೇಳಿದ್ದಕ್ಕೆ ಡಾಕ್ಟರು ಹೇಳಲಿ ಎಂದರು. ಕುಡಿದು ಮಲಗಿದವನಿಗೆ ನಿದ್ದೆ ಬಂದದ್ದೇ ಗೊತ್ತಾಗಲಿಲ್ಲ.

ಎಚ್ಚರವಾದಾಗ ಬಿಸಿಲು ಬಂದಿತ್ತು. ಅತ್ತೆಯ ಮಂಚ ಖಾಲಿ. ಧಸಕ್ಕೆಂದು ಎದ್ದು ಕೂತ. ಅತ್ತೆ ಅವನ ತಲೆದೆಸೆಯಲ್ಲೇ ಕುರ್ಚಿ ಹಾಕಿಕೊಂಡು, ಯೂನಿಫಾರಂ ಹಾಕಿಕೊಂಡು, ಚಾರ್ಟು ಬರೆಯುತ್ತ ಕೂತಿದ್ದರು.

"ಎಲ್ಲೂ ಹೋಗಲಿಲ್ವಾ ಅತ್ತೆ?"

"ಎಲ್ಲಿಗೆ ಹೋಗಲಿ? ಡ್ಯೂಟಿ ಇಲ್ಲೇ ಅಲ್ವಾ?"

ಹೋದ ಜೀವ ಬಂದಂತಾಯಿತು. ಐದು ತಿಂಗಳಲ್ಲಿ ಮೊದಲ ಸಲ ಚಿಲಕ ನೋಡಲು ಏಳದೆ ನೆಮ್ಮದಿಯಾಗಿ ಮಲಗಿದ್ದ. ಬಗ್ಗಿ ಅತ್ತೆ ಬರೆದದ್ದನ್ನು ಓದಿದ. "ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ. ಬೀದಿಗೆ ಹೋಗಲಿಲ್ಲ. ಮುಖದಲ್ಲಿ ಕಳೆ ಬಂದಿದೆ. ಬಹಳ ಸುಧಾರಣೆ." ಅವನಿಗೆ ಅತ್ತೆಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಅಷ್ಟರಲ್ಲಿ ಯಜಮಾನರು ಕಾಫಿ ಲೋಟ ಹಿಡಿದುಕೊಂಡು ಕೆಳಗಿಳಿದು ಬಂದರು. ಅವರೂ ಬಗ್ಗಿ ಓದಿದರು. ಮುಖ ಸುಟ್ಟ ಬದನೆಕಾಯಿ ಆಯಿತು.

"ಸುಧಾರಣೆನಾ? ಹೀಗೆ ಇನ್ನು ನಾಲ್ಕು ದಿನ ಬರೆದರೆ ಮುಗೀತು. ತಿಂಗಳ ಕೊನೆಗೆ ಆ ಮೇಡಂ ಬಂದು ಓದ್ತಾರೆ. ಸುಧಾರಿಸಿದವನಿಗೆ ಆರೈಕೆ ಯಾಕೆ ಅಂತ ಹಣ ನಿಲ್ಲಿಸ್ತಾರೆ. ಆಮೇಲೆ ಅತ್ತೇನ ಎಲ್ಲಿಗೆ ಕಳಿಸ್ತೀಯಾ?"

"ಹಾಗಾದರೆ ನಾನೇನು ಮಾಡಬೇಕು ಯಜಮಾನರೇ?"

ಯಜಮಾನರು ಹೋಗಿ ಬೀದಿ ಬಾಗಿಲು ತೆರೆದು ಹಿಡಿದರು.

ಗೋಂದಪ್ಪ ಬೀದಿ ನೋಡಿದ, ಅತ್ತೆಯನ್ನು ನೋಡಿದ. ನಿಟ್ಟುಸಿರು ಬಿಟ್ಟು ಎದ್ದ. ಬಾಗಿಲ ಬಳಿಯಿದ್ದ ಚಪ್ಪಲಿಗೆ ಕಾಲು ಹಾಕಲು ಹೋಗಿ, ಬೇಡವೆಂದು ಅಲ್ಲೇ ಬಿಟ್ಟು, ಕುಂಟುತ್ತ ಹೊರಬಿದ್ದ. ಮೊದಲ ತಿರುವು ಬಂದಾಗ ಹಿಂದಿರುಗಿ ನೋಡಿದ. ಅತ್ತೆ ಬರುವುದು ಕಾಣಲಿಲ್ಲ. ದೀಪದ ಕಂಬಕ್ಕೊರಗಿ ನಿಂತು ಕಾದ.

ಸ್ವಲ್ಪ ಹೊತ್ತಿಗೆ ಬಿಳೀ ಯೂನಿಫಾರಂ ಸರಸರ ಬಂತು. ಅತ್ತೆ ಅವನ ತೋಳು ಹಿಡಿದು ಮನೆಯ ಕಡೆ ತಿರುಗಿಸಿದರು.

"ಇವತ್ತು ಸರಿಹೋಯ್ತು ಅಂದ್ಕೊಂಡಿದ್ದೆನಲ್ಲೋ. ನಾಳೆಯೂ ಹೀಗೇ ಓಡಿ ಬರ್ತೀಯಾ?"

"ಇನ್ನು ದಿನಾ ಬರಬೇಕು ಅತ್ತೆ," ಎಂದ ಗೋಂದಪ್ಪ.